ಅಪ್ಪಯ್ಯನ ಹಿಂದೆ ನಿಂತವನು

ಊರಿನ ಮನೆಯ ಶೋಕೇಸಿನಲ್ಲಿ ಒಂದು ಫೋಟೋ ಇದೆ. 2013ರ ಮೇ ತಿಂಗಳಲ್ಲಿ ಅಪ್ಪಯ್ಯ, ಆಯಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದಿದ್ದಾಗ ನಾನೇ ತೆಗೆದದ್ದು. ಚಳಿ ಹೋಯಿತು ಅಂತ ಅಲ್ಲಿಯವರೆಲ್ಲ ಅರ್ಧ ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದರೆ ನಮ್ಮ ಅಪ್ಪಯ್ಯ ಮಂಗನ ಟೊಪ್ಪಿ, ಮಫ್ಲರ್ ಎರಡೂ ಸುತ್ತಿಕೊಂಡು ನಿಂತಿದ್ದಾನೆ. ಆಯಿ ಸೀರೆ ಮೇಲೆ ನನ್ನ ಜಾಕೆಟ್ ಹಾಕಿದ್ದಾಳೆ, ತೋಳು ಬೆರಳನ್ನೂ ಮುಚ್ಚಿ ಕೆಳಗೆ ಇಳಿದಿದೆ. ಇಬ್ಬರ ಹಿಂದೆ ಎತ್ತರದ ಕಲ್ಲಿನ ಪೀಠ. ಅದರ ಮೇಲೆ ಉದ್ದ ಕೂದಲಿನ, ಉದ್ದ ಕೋಟಿನ ಒಬ್ಬ ಕಂಚಿನ ಮನುಷ್ಯ. ಕೋಲಿನ ಮೇಲೆ ಭಾರ ಬಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ತಲೆ ಬಗ್ಗಿಸಿ ಏನೋ ಯೋಚನೆಯಲ್ಲಿದ್ದಾನೆ.

"ಇಂವ ಯಾವ ಕವಿ ತಮಾ?" ಅಂತ ಅಪ್ಪಯ್ಯ ಕೇಳಿದ್ದ.

ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಗಲ್ಲಕ್ಕೆ ಕೈ ಕೊಟ್ಟವರೆಲ್ಲ ಕವಿಗಳು ಅನ್ನುವುದು ಅವನ ಲೆಕ್ಕ, ಪಠ್ಯಪುಸ್ತಕದ ಚಿತ್ರಗಳನ್ನು ನೋಡಿ ನೋಡಿ ಹಾಗಾಗಿರಬೇಕು. ನನಗೂ ಗೊತ್ತಿರಲಿಲ್ಲ. ಆನ್‌ಸೈಟ್ ಅಂತ ಹೋಗಿ ಆಗಲೇ ಒಂದು ವರ್ಷ ಆಗಿತ್ತು. ದಿನಾ ಅದೇ ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆ, ಆ ಪೀಠದ ಬುಡದಲ್ಲಿ ಕೂತು ಎಷ್ಟೋ ಸಲ ಸ್ಯಾಂಡ್‌ವಿಚ್ ತಿಂದಿದ್ದೆ, ಆದರೂ ಅದರ ಮೇಲೆ ಬರೆದದ್ದನ್ನು ಒಂದು ದಿನವೂ ಓದಿರಲಿಲ್ಲ. ಅವತ್ತು ಓದಿದೆ. ಎಡ್ವರ್ಡ್ ಕೋಲ್ಸ್‌ಟನ್ ಅಂತ ಹೆಸರು. ಈ ಊರಿನ ಅತ್ಯಂತ ಸದ್ಗುಣಿ, ವಿವೇಕಿ ಮಕ್ಕಳಲ್ಲಿ ಒಬ್ಬನ ನೆನಪಿಗೆ ಬ್ರಿಸ್ಟಲ್‌ನ ನಾಗರಿಕರು 1895ರಲ್ಲಿ ನಿಲ್ಲಿಸಿದ್ದು ಅಂತ ಬರೆದಿತ್ತು. ಅದನ್ನೇ ಕನ್ನಡ ಮಾಡಿ ಹೇಳಿದೆ. ಪೀಠದ ಒಂದು ಮಗ್ಗುಲಲ್ಲಿ ಅವನು ಬಡ ಮಕ್ಕಳಿಗೆ ದಾನ ಕೊಡುವ ಉಬ್ಬುಚಿತ್ರವೂ ಇತ್ತು, ಅದನ್ನೂ ತೋರಿಸಿದೆ. "ದೊಡ್ಡ ಮನುಷ್ಯ ಹಂಗಾದ್ರೆ" ಅಂದ ಅಪ್ಪಯ್ಯ ಕೈ ಮುಗಿದ. ಶೂ ಬಿಚ್ಚುವುದಕ್ಕೂ ಬಗ್ಗಿದ್ದ. ನೆಲ ತಣ್ಣಗಿದೆ, ಬೇಡ ಅಂತ ನಾನೇ ತಡೆದೆ.

ಅಲ್ಲಿಂದ ಐದು ನಿಮಿಷ ನಡೆದರೆ ಕಾಲೇಜ್ ಗ್ರೀನ್. ಅಲ್ಲಿ ರಾಜಾ ರಾಮಮೋಹನ ರಾಯರ ಪ್ರತಿಮೆ ಇದೆ. ಅವರು 1833ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡದ್ದು ಬ್ರಿಸ್ಟಲ್‌ನಲ್ಲೇ. ಅದರ ಮುಂದೆಯೂ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಿದ್ದೆ. ಆದರೆ ಅದರಲ್ಲಿ ಆಯಿ ಕಣ್ಣು ಮುಚ್ಚಿದ್ದಳು. ಹಾಗಾಗಿ ಶೋಕೇಸಿಗೆ ಬಂದದ್ದು ಕೋಲ್ಸ್‌ಟನ್.

ಭಾನುವಾರ ರಾತ್ರಿಯ ವಿಡಿಯೋ

2020ರ ಜೂನ್ 7. ಬೆಂಗಳೂರಿನಲ್ಲಿ ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳು. ರಾತ್ರಿ ಊಟ ಮುಗಿಸಿ ಫೋನ್ ತೆಗೆದರೆ ಹಳೇ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ. ಅದೇ ಪೀಠ, ಅದೇ ಕೋಟು, ಕುತ್ತಿಗೆಗೆ ಹಗ್ಗ. ಜನ ಎಳೆಯುತ್ತಾರೆ, ವಾಲುತ್ತಾನೆ, ಬೀಳುತ್ತಾನೆ. ಯಾರೋ ಒಬ್ಬರು ಬಂದು ಅದರ ಕುತ್ತಿಗೆ ಮೇಲೆ ಮೊಣಕಾಲೂರಿದರು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸನ ಮೊಣಕಾಲಿನಡಿ ಸತ್ತು ಎರಡು ವಾರವೂ ಆಗಿರಲಿಲ್ಲ, ಆ ಮೊಣಕಾಲು ಏನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ರಸ್ತೆಯುದ್ದಕ್ಕೂ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ತಳ್ಳಿದರು. ತಳ್ಳಿದ ಜಾಗದ ಹತ್ತಿರವೇ ಪೆರೋ ಸೇತುವೆ ಇದೆ. ನೆವಿಸ್ ದ್ವೀಪದಲ್ಲಿ ಕಬ್ಬಿನ ತೋಟ ಇಟ್ಟಿದ್ದ ಜಾನ್ ಪಿನ್ನಿ ಅನ್ನುವ ವ್ಯಾಪಾರಿ ಬ್ರಿಸ್ಟಲ್‌ಗೆ ತನ್ನ ಸೇವೆಗೆ ಅಂತ ಕರೆತಂದಿದ್ದ ಗುಲಾಮ ಪೆರೋ ಜೋನ್ಸ್, ಆ ಸೇತುವೆಗೆ ಅವನ ಹೆಸರು. ಅದರ ಮೇಲೂ ನಾನು ವಾರಕ್ಕೆ ನಾಲ್ಕು ಸಲ ದಾಟುತ್ತಿದ್ದೆ. ಪೆರೋ ಅಂದರೆ ಯಾರೋ ಇಟಲಿಯ ಇಂಜಿನಿಯರ್ ಇರಬೇಕು ಅಂದುಕೊಂಡಿದ್ದೆ, ನೋಡಿ ನನ್ನ ಬುದ್ಧಿ.

ಸುಳ್ಳು ಹೇಳುವುದಿಲ್ಲ. ವಿಡಿಯೋ ನೋಡಿದಾಗ ಮೊದಲು ಬಂದ ಯೋಚನೆ "ಅಯ್ಯೋ, ಅಪ್ಪಯ್ಯ ನಿಂತಿದ್ದ ಜಾಗ" ಅಂತ. ಅಪ್ಪಯ್ಯ ಹೋಗಿ ಎರಡು ವರ್ಷ ಆಗಿತ್ತು. ಸತ್ತವರು ನಿಂತಿದ್ದ ಜಾಗಗಳೆಲ್ಲ ಹೇಗೋ ಅವರದ್ದೇ ಆಗಿಬಿಡುತ್ತವೆ. ಯಾರೋ ಬಂದು ಅಪ್ಪಯ್ಯನ ಫೋಟೋದ ಮೇಲ್ಭಾಗವನ್ನು ಹರಿದ ಹಾಗೆ ಅನ್ನಿಸಿತು. ಆಮೇಲೆ ಎರಡು ಗಂಟೆ ರಾತ್ರಿಯವರೆಗೂ ಕೂತು ಓದಿದೆ. ವರ್ಷಗಟ್ಟಲೆ ಅದರ ನೆರಳಲ್ಲಿ ಕೂತಾಗ ಗೊತ್ತಾಗದೇ ಇದ್ದದ್ದು ಆ ಒಂದು ರಾತ್ರಿಯಲ್ಲಿ ಗೊತ್ತಾಯಿತು.

ಕೋಲ್ಸ್‌ಟನ್ ಹುಟ್ಟಿದ್ದು 1636ರಲ್ಲಿ. 1680ರಲ್ಲಿ ರಾಯಲ್ ಆಫ್ರಿಕನ್ ಕಂಪನಿ ಸೇರಿದ, ಅದರ ಆಡಳಿತದಲ್ಲಿ ಕೂತ, ಒಂದು ವರ್ಷ ಉಪ ಗವರ್ನರ್ ಕೂಡ ಆಗಿದ್ದ, 1692ರಲ್ಲಿ ಬಿಟ್ಟ. ಇಂಗ್ಲೆಂಡಿನಲ್ಲಿ ಪಶ್ಚಿಮ ಆಫ್ರಿಕಾದ ಗುಲಾಮರ ವ್ಯಾಪಾರದ ಹಕ್ಕು ಪಡೆದಿದ್ದ ಕಂಪನಿ ಅದು. ಅವನು ಅದರಲ್ಲಿದ್ದ ಆ 12 ವರ್ಷಗಳಲ್ಲಿ ಕಂಪನಿಯ ಹಡಗುಗಳು ಸುಮಾರು 84,000 ಜನರನ್ನು ಅಟ್ಲಾಂಟಿಕ್ ದಾಟಿಸಿದವು ಅಂತ ಅಂದಾಜು. ಅವರಲ್ಲಿ ಸುಮಾರು 19,000 ಜನ ದಾರಿಯಲ್ಲೇ ಸತ್ತರು. ಹೆಣ ಸಮುದ್ರಕ್ಕೆ. ನನಗೆ ಇಂಥ ಸಂಖ್ಯೆ ತಲೆಗೆ ಹೋಗುವುದಿಲ್ಲ, ಹಾಗಾಗಿ ನಮ್ಮ ಶಿರಸಿ ಪೇಟೆಯ ಜನಸಂಖ್ಯೆ ತೆಗೆದು ನೋಡಿದೆ. 2011ರ ಜನಗಣತಿಯಲ್ಲಿ ಅದು 84,000ಕ್ಕಿಂತ ಕಮ್ಮಿ. ಇಡೀ ಪೇಟೆ. ಮಾರಿಗುಡಿ ಬೀದಿ, ಬಸ್‌ಸ್ಟ್ಯಾಂಡು, ಆಸ್ಪತ್ರೆ, ಶಾಲೆಯಲ್ಲಿರುವ ಮಕ್ಕಳು, ಎಲ್ಲ ಸೇರಿ.

ಇನ್ನೊಂದು ವಿಷಯ ಓದಿ ಎದ್ದು ನೀರು ಕುಡಿದು ಬಂದೆ. ಕಂಪನಿಯವರು ಹಡಗು ಹತ್ತಿಸುವ ಮೊದಲು ಕಾಯಿಸಿದ ಕಬ್ಬಿಣದಿಂದ ಆ ಜನರ ಎದೆ ಮೇಲೆ ಅಕ್ಷರ ಹಾಕುತ್ತಿದ್ದರು. ಇದು ನಮ್ಮ ಸರಕು ಅಂತ ಗುರುತಿಗೆ. ಅಡಿಕೆ ಮೂಟೆ ಸೊಸೈಟಿಗೆ ಹೋಗುವ ಮೊದಲು ಅಜ್ಜ ಅದರ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದ. ಬೇರೆಯವರ ಮೂಟೆ ಜೊತೆ ಕಲೆಸಿಹೋಗಬಾರದಲ್ವಾ. ನನಗೆ ಅದೇ ನೆನಪಾಯಿತು.

ಈ ಮನುಷ್ಯ ದಾನಿ ಆಗಿದ್ದದ್ದೂ ಸುಳ್ಳಲ್ಲ. ಶಾಲೆ ಕಟ್ಟಿಸಿದ್ದ, ದಿಕ್ಕಿಲ್ಲದ ಮುದುಕರಿಗೆ ಮನೆ ಕಟ್ಟಿಸಿದ್ದ. ಅದಕ್ಕೇ ಊರಿಡೀ ಅವನ ಹೆಸರಿತ್ತು. ರಸ್ತೆ, ಸಂಗೀತದ ಹಾಲ್, ಗೋಪುರದಂಥ ಆಫೀಸು ಕಟ್ಟಡ, ಕೊನೆಗೆ ಒಂದು ಬನ್ನು ಕೂಡ ಕೋಲ್ಸ್‌ಟನ್ ಬನ್. ಆದರೆ ಒಂದು ವಿಚಿತ್ರ ನೋಡಿ. ಅವನು ಸತ್ತದ್ದು 1721ರಲ್ಲಿ. ಪ್ರತಿಮೆ ಬಂದದ್ದು 1895ರಲ್ಲಿ. 174 ವರ್ಷ ಅವನನ್ನು ಕಂಚಿನಲ್ಲಿ ನೋಡಬೇಕು ಅಂತ ಊರಿಗೆ ಅನ್ನಿಸಿರಲಿಲ್ಲ. ಬ್ರಿಟನ್ನಿನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂದು ಆಗಲೇ 60 ವರ್ಷ ದಾಟಿತ್ತು. 1890ರ ದಶಕ ಆ ಊರಿನಲ್ಲಿ ಕಾರ್ಮಿಕರ ಮುಷ್ಕರಗಳ ಕಾಲ. ಶ್ರೀಮಂತ ವ್ಯಾಪಾರಿ ಅಂದರೆ ಊರಿನ ತಂದೆ ಇದ್ದ ಹಾಗೆ ಅಂತ ಜನರಿಗೆ ನೆನಪಿಸುವ ಅಗತ್ಯ ಕೆಲವರಿಗೆ ಕಂಡಿತು. ಅದರ ಹಿಂದೆ ಓಡಾಡಿದವನು ಜೇಮ್ಸ್ ಆರೋಸ್ಮಿತ್ ಅನ್ನುವ ಪ್ರಕಾಶಕ. ಚಂದಾ ಎತ್ತಿದರೆ ಸಾಕಷ್ಟು ದುಡ್ಡು ಕೂಡಲಿಲ್ಲ, ಮತ್ತೆ ಮತ್ತೆ ಕೇಳಬೇಕಾಯಿತು. "ನಾಗರಿಕರು ನಿಲ್ಲಿಸಿದ್ದು" ಅಂತ ಅಪ್ಪಯ್ಯನಿಗೆ ಓದಿ ಹೇಳಿದೆನಲ್ಲ, ಆ ನಾಗರಿಕರು ಕಿಸೆಗೆ ಕೈ ಹಾಕಲು ಅಷ್ಟೇನೂ ಉತ್ಸಾಹ ತೋರಿಸಿರಲಿಲ್ಲ.

ಆ ವಾರ ಟಿವಿಯಲ್ಲಿ, ಪೇಪರಿನಲ್ಲಿ, ನಮ್ಮ ಆಫೀಸಿನ ಗುಂಪಿನಲ್ಲಿ ಎಲ್ಲ ಕಡೆ ಒಂದೇ ಮಾತು: ಪ್ರತಿಮೆ ತೆಗೆದರೆ ಇತಿಹಾಸ ಅಳಿಸಿದ ಹಾಗೆ. ನಾನು ಸುಮ್ನೆ ಕೇಳುತ್ತೇನೆ, ಯಾವ ಇತಿಹಾಸ? ಆ ಪೀಠದ ಮೇಲೆ ಹಡಗಿನ ಹೆಸರಿರಲಿಲ್ಲ, ಕಂಪನಿಯ ಹೆಸರಿರಲಿಲ್ಲ, ಆಫ್ರಿಕಾ ಅನ್ನುವ ಪದವೇ ಇರಲಿಲ್ಲ. ಓದು ಬರಹ ಬಲ್ಲ ನಾನು, ರಿಟೈರ್ಡ್ ಮೇಷ್ಟ್ರು ಅಪ್ಪಯ್ಯ, ಇಬ್ಬರೂ ಅದರ ಮುಂದೆ ನಿಂತು ಅದು ಹೇಳಿದ್ದನ್ನು ಪೂರ್ತಿ ಓದಿ, ಅದು ಕೇಳಿದ್ದನ್ನು ಕೊಟ್ಟು ಬಂದೆವು. ಅದು ಕೇಳಿದ್ದು ಒಂದು ನಮಸ್ಕಾರ.

ಒಂದು ಫಲಕದ ಕತೆ

ಜನ ಸೇರಿ ಎಳೆದು ಕೆಡವಿದ್ದು ಸರಿಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು ಆ ಫಲಕದ ಕತೆ ಗೊತ್ತಿರಬೇಕು. ತೆಗೆಯುವುದು ಬೇಡ, ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿ ನಿಜ ಏನು ಅಂತ ಬರೆದರೆ ಸಾಕಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಮೊದಲು ಇದೇ ಒಳ್ಳೆಯ ದಾರಿ ಅನ್ನಿಸಿತ್ತು. ಬ್ರಿಸ್ಟಲ್‌ನವರು ಅದನ್ನು ಪ್ರಯತ್ನಿಸಿದ್ದರು. 2018ರಲ್ಲಿ ನಗರಸಭೆ ಎರಡನೇ ಫಲಕಕ್ಕೆ ಬರಹ ತಯಾರು ಮಾಡಿತು. ಅಲ್ಲಿಂದ ಶುರುವಾಯಿತು ಪದಗಳ ಜಗ್ಗಾಟ. ಕೋಲ್ಸ್‌ಟನ್‌ನ ಆಸ್ತಿ, ದತ್ತಿ ನೋಡಿಕೊಂಡು ಬಂದಿದ್ದ ವ್ಯಾಪಾರಿಗಳ ಸಂಘವೂ ಬಂತು. ಅವನ ಪಾತ್ರ ಎಷ್ಟು, ದಾನಕ್ಕೆ ಎಷ್ಟು ಜಾಗ, ಯಾವ ಪದ ಜಾಸ್ತಿ ಗಡುಸು. ತಿದ್ದಿ ತಿದ್ದಿ ನೀರಾದ ಬರಹವನ್ನು ನೋಡಿ 2019ರಲ್ಲಿ ಮೇಯರ್ ಮಾರ್ವಿನ್ ರೀಸ್ ಇದು ಬೇಡ ಅಂತ ನಿಲ್ಲಿಸಿದರು. ರೀಸ್ ಅವರ ಅಪ್ಪ ಜಮೈಕಾದವರು. ಆ ಬರಹಕ್ಕೆ ಸಹಿ ಹಾಕು ಅಂದರೆ ಹೇಗೆ ಹಾಕುತ್ತಾರೆ. ಕೊನೆಗೆ ಯಾವ ಫಲಕವೂ ಬರಲಿಲ್ಲ. ಮುಂದಿನ ವರ್ಷ ಹಗ್ಗ ಬಂತು.

ಹಗ್ಗ ಹಿಡಿದವರಲ್ಲಿ ನಾಲ್ವರ ಮೇಲೆ ಕೇಸಾಯಿತು. 2022ರ ಜನವರಿ 5ರಂದು ಬ್ರಿಸ್ಟಲ್‌ನ ಜ್ಯೂರಿ ನಾಲ್ವರನ್ನೂ ನಿರಪರಾಧಿಗಳು ಅಂದಿತು. ಸರ್ಕಾರಕ್ಕೆ ಇದು ಸರಿ ಕಾಣಲಿಲ್ಲ, ಕಾನೂನಿನ ಪ್ರಶ್ನೆಯನ್ನು ಮೇಲಿನ ಕೋರ್ಟಿಗೆ ಒಯ್ದರು. ಪ್ರತಿಭಟನೆಯ ಹಕ್ಕು ಅಂದುಕೊಂಡು ಇಂಥ ದೊಡ್ಡ ಹಾನಿ ಮಾಡುವಂತಿಲ್ಲ ಅಂತ ಅದು ಹೇಳಿತು. ಬಿಡುಗಡೆಯಾದವರ ಬಿಡುಗಡೆ ಮಾತ್ರ ಹಾಗೇ ಉಳಿಯಿತು. ಅದೇ ವರ್ಷ ಬಂದ ಹೊಸ ಕಾನೂನಿನಲ್ಲಿ ಸ್ಮಾರಕಕ್ಕೆ ಹಾನಿ ಮಾಡಿದರೆ 10 ವರ್ಷದವರೆಗೂ ಜೈಲು.

ಈ ಫಲಕದ ಜಗಳ ಓದುವಾಗ ನನಗೆ ನಮ್ಮ ಟೀಮಿನ ಒಬ್ಬರು ನೆನಪಾದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಅವರ ಅಪ್ಪ ಅಮ್ಮ ಜಮೈಕಾದಿಂದ ಬಂದು ಸೇಂಟ್ ಪಾಲ್ಸ್ ಕಡೆ ನೆಲೆಸಿದವರು. ಶುಕ್ರವಾರ ಊಟಕ್ಕೆ ಹೊರಗೆ ಹೋಗುವಾಗ ನಾನು ಯಾವಾಗಲೂ "ಪ್ರತಿಮೆ ಹತ್ತಿರ ಸಿಗೋಣ" ಅಂತಿದ್ದೆ, ಗುರುತು ಹೇಳುವುದಕ್ಕೆ ಸುಲಭ ಅಂತ. ಅವರು ಪ್ರತಿ ಸಲವೂ "ಹಿಪ್ಪೊಡ್ರೋಮ್ ಮುಂದೆ ಬಾ" ಅನ್ನುತ್ತಿದ್ದರು. ಹಿಪ್ಪೊಡ್ರೋಮ್ ನಾಟಕದ ಥಿಯೇಟರು, ಅಲ್ಲೇ ಸ್ವಲ್ಪ ದೂರ. ಥಿಯೇಟರ್ ಅಂದರೆ ಇವರಿಗೆ ಇಷ್ಟ ಇರಬೇಕು ಅಂದುಕೊಂಡಿದ್ದೆ. ಎರಡು ವರ್ಷದಲ್ಲಿ ಅವರು ಒಮ್ಮೆಯೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಮಾತ್ರ ಬಸ್ಸಿಗೆ ಕಾಯುವಾಗ, 1963ರವರೆಗೆ ಈ ಊರಿನ ಬಸ್ಸಿನಲ್ಲಿ ನನ್ನಪ್ಪನಿಗಾಗಲಿ ನಿನ್ನಪ್ಪನಿಗಾಗಲಿ ಕಂಡಕ್ಟರ್ ಕೆಲಸ ಸಿಗುತ್ತಿರಲಿಲ್ಲ ಗೊತ್ತಾ ಅಂದಿದ್ದರು. ಅದು ನಿಜ. ಕಪ್ಪು ಜನ ನಾಲ್ಕು ತಿಂಗಳು ಬಸ್ ಬಹಿಷ್ಕಾರ ಮಾಡಿ ಆ ನಿಯಮ ಮುರಿದರು. ಹಾಗೆ ಮುರಿದ ಮೇಲೆ ಕೆಲಸಕ್ಕೆ ಸೇರಿದ ಮೊದಲ ಕಂಡಕ್ಟರ್ ರಘಬೀರ್ ಸಿಂಗ್ ಅಂತ, ನಮ್ಮ ಕಡೆಯ ಒಬ್ಬ ಸಿಖ್. ನಾನು ಅವತ್ತು "ಹೌದಾ" ಅಂದು ಬಸ್ ಹತ್ತಿದ್ದೆ.

ನಮಗೇನು ಸಂಬಂಧ, ಅದು ಬಿಳಿಯರ ಕಪ್ಪುಜನರ ಜಗಳ ಅನ್ನುವವರಿಗೆ ಒಂದು ತಮಾಷೆಯ ಲೆಕ್ಕ ಹೇಳುತ್ತೇನೆ. 1833ರಲ್ಲಿ ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಬಿಡಿಗಾಸೂ ಸಿಗಲಿಲ್ಲ. ಪೂರ್ತಿ ಹೋದದ್ದು ಮಾಲೀಕರಿಗೆ, ಆಸ್ತಿ ಕಳೆದುಕೊಂಡರಲ್ಲ ಪಾಪ. ಅದಕ್ಕೆ ಎತ್ತಿದ ಸಾಲ ಸರ್ಕಾರದ ಲೆಕ್ಕದಲ್ಲಿ ಪೂರ್ತಿ ತೀರಿದ್ದು 2015ರಲ್ಲಿ. ನಾನು ಬ್ರಿಸ್ಟಲ್‌ನಲ್ಲಿ ಸಂಬಳ ತೆಗೆದುಕೊಂಡದ್ದು 2012ರಿಂದ 2014. ಅಂದರೆ ನನ್ನ ಪೇಸ್ಲಿಪ್ಪಿನಿಂದ ಕಡಿದ ತೆರಿಗೆಯಲ್ಲೂ, ಆ ಹಿರಿಯ ಸಹೋದ್ಯೋಗಿಯ ತೆರಿಗೆಯಲ್ಲೂ ಎಷ್ಟೋ ಪೆನ್ನಿ ಆ ಸಾಲಕ್ಕೆ ಹೋಗಿದೆ. ಅವರ ಮುತ್ತಜ್ಜಂದಿರನ್ನು ಕೊಂಡವರಿಗೆ ಕೊಟ್ಟ ದುಡ್ಡಿನ ಸಾಲ. ಇನ್ನೂ ಹಿಂದೆ ಹೋದರೆ, ಆಫ್ರಿಕಾದ ತೀರದಲ್ಲಿ ಜನರನ್ನು ಕೊಳ್ಳಲು ಆ ಹಡಗುಗಳು ಒಯ್ಯುತ್ತಿದ್ದ ಸರಕಿನಲ್ಲಿ ಕೋರಮಂಡಲ, ಗುಜರಾತಿನ ಹತ್ತಿಬಟ್ಟೆ ಕೂಡ ಇತ್ತು. ನೇಯ್ದವನಿಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲು ಸಾಧ್ಯವಿರಲಿಲ್ಲ, ಆದರೂ.

ಚಪ್ಪಾಳೆ ತಟ್ಟುವ ಮೊದಲು

ಇಷ್ಟೆಲ್ಲ ಆದಮೇಲೆ ಕೆಡವಿದ್ದು ಸರಿ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆಗಲಿಲ್ಲ. ಕಾರಣ ಎರಡು.

ಘಾನಾ ದೇಶದ ಅಕ್ರಾದಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ 2016ರಲ್ಲಿ ಗಾಂಧಿ ಪ್ರತಿಮೆ ನಿಲ್ಲಿಸಿದ್ದರು, ಭಾರತದ ಕೊಡುಗೆ. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿದ್ದ ಮೊದಲ ವರ್ಷಗಳಲ್ಲಿ ಅಲ್ಲಿಯ ಕಪ್ಪು ಜನರ ಬಗ್ಗೆ ಬರೆದ ಕೆಟ್ಟ ಮಾತುಗಳನ್ನು ಮುಂದಿಟ್ಟುಕೊಂಡು ಅಲ್ಲಿನ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಪ್ರತಿಭಟಿಸಿದರು. 2018ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. ಆ ಸುದ್ದಿ ಓದಿ ನನಗೆ ಸಿಟ್ಟು ಬಂದಿತ್ತು. ಚಿಕ್ಕ ವಯಸ್ಸಿನಲ್ಲಿ ಬರೆದದ್ದು, ಆಮೇಲೆ ಮನುಷ್ಯ ಬದಲಾಗಲಿಲ್ವಾ, ಇವರಿಗೆ ಪೂರ್ತಿ ಗಾಂಧಿ ಗೊತ್ತಾ ಅಂತೆಲ್ಲ ಅಂದುಕೊಂಡಿದ್ದೆ. ಕೋಲ್ಸ್‌ಟನ್ ಪರ ವಾದಿಸುವವರು ಹೇಳುವುದೂ ಹೆಚ್ಚುಕಮ್ಮಿ ಹೀಗೇ: ಪೂರ್ತಿ ಮನುಷ್ಯನನ್ನು ನೋಡಿ, ಆ ಕಾಲ ನೋಡಿ. ಇಬ್ಬರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಒಬ್ಬ ಜನರನ್ನು ಮಾರಿ ಶ್ರೀಮಂತನಾದವನು, ಇನ್ನೊಬ್ಬರು ತಮ್ಮ ಕುರುಡುತನದಿಂದ ಮುಂದೆ ನಡೆದವರು, ಅಂತರ ಬಹಳ ದೊಡ್ಡದು. ಆದರೆ ಆ ಅಂತರವನ್ನು ಅಕ್ರಾದ ವಿದ್ಯಾರ್ಥಿಗೆ ನಾನು ಬೆಂಗಳೂರಿನಲ್ಲಿ ಕೂತು ಪಾಠ ಮಾಡಬೇಕು ಅಂದುಕೊಂಡದ್ದು ಯಾವ ಧೈರ್ಯದಲ್ಲಿ? ದಿನಾ ಆ ಅಂಗಳದಲ್ಲಿ ನಡೆಯುವವರು ಅವರು.

ಎರಡನೆಯದು ಭಯ. ನಮ್ಮ ದೇಶದಲ್ಲಿ ಗುಂಪು ಸೇರಿ ಪ್ರತಿಮೆ ಒಡೆಯುತ್ತದೆ ಅಂದರೆ ಅದು ಬಹಳ ಸಲ ಯಾರ ಪ್ರತಿಮೆ? 2018ರ ಮಾರ್ಚ್ ಒಂದೇ ತಿಂಗಳಲ್ಲಿ ತ್ರಿಪುರಾದಲ್ಲಿ ಲೆನಿನ್ ಬಿತ್ತು, ಆಗಿನ ವೆಲ್ಲೂರು ಜಿಲ್ಲೆಯಲ್ಲಿ ಪೆರಿಯಾರ್ ಪ್ರತಿಮೆಗೆ ಹಾನಿಯಾಯಿತು, ಉತ್ತರ ಪ್ರದೇಶದಲ್ಲಿ ಅಂಬೇಡ್ಕರ್ ಪ್ರತಿಮೆ ಒಡೆದರು. ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಕಬ್ಬಿಣದ ಪಂಜರದೊಳಗೆ ನಿಂತಿದ್ದಾರೆ. ಬ್ರಿಸ್ಟಲ್‌ನ ಗುಂಪಿಗೆ ಚಪ್ಪಾಳೆ ತಟ್ಟುವಾಗ ನನಗೆ ಆ ಪಂಜರ ಕಣ್ಣಿಗೆ ಬರುತ್ತದೆ. ಗುಂಪಿನ ಕೈಗೆ ಹಗ್ಗ ಕೊಟ್ಟರೆ ಅದು ಯಾರ ಕುತ್ತಿಗೆಗೆ ಅಂತ ನಾವು ಆರಿಸಲು ಆಗುವುದಿಲ್ಲವಲ್ಲ. ಹಾಗಂತ ನಗರಸಭೆ ತೀರ್ಮಾನಿಸಲಿ ಅಂತ ಕೈಕಟ್ಟಿ ಕೂತರೆ ಮೇಲೆ ಹೇಳಿದ ಫಲಕದ ಗತಿ. ನನಗೆ ಈಗಲೂ ಇದು ಬಗೆಹರಿದಿಲ್ಲ. ಬ್ರಿಸ್ಟಲ್‌ನಲ್ಲಿ ಆದದ್ದಕ್ಕೆ ನನಗೆ ಬೇಸರ ಇಲ್ಲ, ಅದು ಎಲ್ಲ ಕಡೆಗೂ ದಾರಿ ಅಂತ ಹೇಳುವ ಧೈರ್ಯವೂ ಇಲ್ಲ. ಅಷ್ಟೇ.

(ಅದೇ ಜೂನ್ ಕೊನೆಯಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಪ್ರತಿಮೆ ಜಾಗ ಬದಲಿಸಿತು. ಹೈಕೋರ್ಟ್ ಮುಂದಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು ಎತ್ತಿ ಕಬ್ಬನ್ ಪಾರ್ಕಿನ ಒಳಗೆ ಇಟ್ಟರು. 1866ರದ್ದು ಅದು. ಅವನೇನು ಗುಲಾಮರ ವ್ಯಾಪಾರಿ ಅಲ್ಲ ಬಿಡಿ, ಕತೆಯೇ ಬೇರೆ. ಹಗ್ಗ ಇಲ್ಲ, ಘೋಷಣೆ ಇಲ್ಲ. ಅಲ್ಲಿ ವಾಕಿಂಗ್ ಹೋಗುವ ನನ್ನ ಗೆಳೆಯನಿಗೆ ತಿಂಗಳಾದ ಮೇಲೆ ಗೊತ್ತಾಯಿತು.)

ಜಗಲಿಯ ಲೋಟ

ಈ ಬರಹ ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನನ್ನನ್ನು ನಿಜವಾಗಿ ಕೊರೆದದ್ದು ಆಮೇಲೆ ಬಂದ ನೆನಪು. ಆಯಿಯ ತವರು ಯಲ್ಲಾಪುರದ ಹತ್ತಿರ. ರಜೆಯಲ್ಲಿ ಅಲ್ಲೇ ನಾವು. ಅಜ್ಜನ ತೋಟಕ್ಕೆ ಒಬ್ಬರು ಸಿದ್ದಿ ಕೆಲಸಕ್ಕೆ ಬರುತ್ತಿದ್ದರು. ಹೆಚ್ಚುಕಮ್ಮಿ ಅಜ್ಜನ ವಯಸ್ಸಿನವರು, ಆದರೂ ನಾವು ಚಡ್ಡಿ ಹಾಕಿದ ಮಕ್ಕಳು ಕೂಡ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು, ಮನೆಯಲ್ಲಿ ಯಾರೂ ತಿದ್ದಲಿಲ್ಲ. ಮಧ್ಯಾಹ್ನ ಅವರು ಅಂಗಳಕ್ಕೆ ಬಂದರೆ ಜಗಲಿಯ ತುದಿಯಲ್ಲಿ ಬೋರಲು ಹಾಕಿಟ್ಟ ಒಂದು ಲೋಟ ಇರುತ್ತಿತ್ತು. ಅವರೇ ಅದನ್ನು ಎತ್ತಿ ಹಿಡಿಯಬೇಕು, ಅಜ್ಜಿ ಮೇಲಿನಿಂದ ಚಹಾ ಹೊಯ್ಯುತ್ತಿದ್ದಳು, ಕುಡಿದು ಅವರೇ ತೊಳೆದು ಮತ್ತೆ ಬೋರಲು ಹಾಕಿ ಹೋಗುತ್ತಿದ್ದರು. ಆ ಲೋಟವನ್ನು ನಾವು ಮುಟ್ಟುವಂತಿರಲಿಲ್ಲ. ಒಂದು ಸಲ ನಾನು, ಅವರ ಕೂದಲು ಯಾಕೆ ಹಾಗೆ ಸುರುಳಿ ಸುರುಳಿ, ಅವರು ಎಲ್ಲಿಯವರು ಅಂತ ಅಜ್ಜನನ್ನು ಕೇಳಿದ್ದೆ. "ಇಲ್ಲೀಯವ್ವೇಯ" ಅಂದಿದ್ದ ಅಜ್ಜ.

ಅಜ್ಜ ಹೇಳಿದ್ದು ಸುಳ್ಳೇನಲ್ಲ. ಎಷ್ಟೋ ತಲೆಮಾರಿನಿಂದ ಅವರು ಇಲ್ಲಿಯವರೇ. ಆದರೆ ಅವರ ಹಿರಿಯರು ಇಲ್ಲಿಗೆ ಬಂದದ್ದು ಆಫ್ರಿಕಾದಿಂದ. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಗುಲಾಮರಾಗಿ ಹಡಗಿನಲ್ಲಿ ತಂದದ್ದು. ಗೋವಾದ ಕಡೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಹಳ್ಳಿಗಳಲ್ಲಿದ್ದಾರೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಇಂಜಿನಿಯರಿಂಗ್ ಮುಗಿಸಿದ ಮೇಲೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕೋಲ್ಸ್‌ಟನ್ ನೀರಿಗೆ ಬಿದ್ದ ಮುಂದಿನ ತಿಂಗಳೇ, 2020ರ ಜುಲೈನಲ್ಲಿ, ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ನಮ್ಮ ಫ್ಯಾಮಿಲಿ ಗುಂಪಿನಲ್ಲಿ "ನಮ್ಮ ಕಡೆಯವ್ರು" ಅಂತ ಹೆಮ್ಮೆಯಿಂದ ಆ ಸುದ್ದಿ ಹಂಚಿಕೊಂಡರು. ನನಗೂ ಖುಷಿಯಾಯಿತು. ಜೊತೆಗೆ ಆ ಬೋರಲು ಲೋಟ ಕಣ್ಣ ಮುಂದೆ ಬಂತು.

ನಮ್ಮೂರಲ್ಲಿ ಆ ವ್ಯಾಪಾರ ಮಾಡಿದವರ ಪ್ರತಿಮೆ ಯಾವುದೂ ಇಲ್ಲ. ಹಗ್ಗ ಹಾಕಿ ಎಳೆಯಲು ಏನೂ ಇಲ್ಲ. ಅಜ್ಜನ ಮನೆ ಈಗ ಮಾವ ಕೆಡವಿ ಆರ್‌ಸಿಸಿ ಕಟ್ಟಿಸಿದ್ದಾನೆ, ಜಗಲಿಯೇ ಇಲ್ಲ. ಲೋಟ ಏನಾಯಿತು ಅಂತ ಕಳೆದ ವರ್ಷ ಮಾವನನ್ನು ಕೇಳಿದರೆ "ಯಾವ ಲೋಟ?" ಅಂದ.

ಮಲಗಿದವನು

2024ರ ಅಕ್ಟೋಬರ್‌ನಲ್ಲಿ ಆಫೀಸಿನ ಕೆಲಸದ ಮೇಲೆ ಒಂದು ವಾರ ಬ್ರಿಸ್ಟಲ್‌ಗೆ ಹೋಗಿದ್ದೆ. ಹಳೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ರಿಟೈರ್ ಆಗುವ ತಯಾರಿಯಲ್ಲಿದ್ದರು. ಎಲ್ಲಿ ಸಿಗೋಣ ಅಂದರೆ ಈ ಸಲ ಅವರೇ "ಎಂ ಶೆಡ್‌ಗೆ ಬಾ" ಅಂದರು. ಬಂದರಿನ ದಡದ ಹಳೇ ಗೋದಾಮು ಅದು, ಈಗ ಊರಿನ ಮ್ಯೂಸಿಯಂ, ಟಿಕೆಟ್ ಇಲ್ಲ.

ಕೋಲ್ಸ್‌ಟನ್ ಅಲ್ಲಿ ಮಲಗಿದ್ದಾನೆ. ನೀರಿನಿಂದ ಎತ್ತಿದ ಮೇಲೆ ಮ್ಯೂಸಿಯಂನವರು ಹಾರ್ಬರಿನ ಕೆಸರನ್ನೆಲ್ಲ ತೊಳೆದರು, ಪ್ರತಿಭಟನೆಯವರು ಬಳಿದ ಬಣ್ಣವನ್ನು ಮಾತ್ರ ಹಾಗೇ ಉಳಿಸಿದರು. ತೊಳೆಯುವಾಗ ಒಂದು ಸೈಕಲ್ ಟೈರೂ ಜೊತೆಗೆ ಬಂದಿತ್ತಂತೆ. ಕೋಟಿನ ಮಡಿಕೆಯೊಳಗೆ ಸುರುಳಿ ಸುತ್ತಿದ ಒಂದು ಪತ್ರಿಕೆ ಸಿಕ್ಕಿತು, 1895ರ ಅಕ್ಟೋಬರ್ 26ರ ಸಂಚಿಕೆ. ಅದರ ಮೇಲೆ ಪ್ರತಿಮೆಯನ್ನು ಜೋಡಿಸಿ ನಿಲ್ಲಿಸಿದ ಕೆಲಸಗಾರರ ಹೆಸರು ಬರೆದಿತ್ತು. ನನಗೆ ಈ ಇಡೀ ಕತೆಯಲ್ಲಿ ಇಷ್ಟವಾದ ಭಾಗ ಇದು. 125 ವರ್ಷ ಅವನ ಕೋಟಿನ ಒಳಗೆ ಆ ಹೆಸರುಗಳು ಕೂತಿದ್ದವು, ಕೆಡವದಿದ್ದರೆ ಹೊರಗೆ ಬರುತ್ತಿರಲಿಲ್ಲ. ಪ್ರತಿಮೆಯನ್ನು ಏನು ಮಾಡೋಣ ಅಂತ ಊರಿನವರನ್ನು ಕೇಳಿದಾಗ ಸುಮಾರು 14,000 ಜನ ಉತ್ತರ ಕೊಟ್ಟರಂತೆ. ಬ್ರಿಸ್ಟಲ್‌ನಲ್ಲೇ ಇರುವವರಲ್ಲಿ ಐವರಲ್ಲಿ ನಾಲ್ವರು ಮ್ಯೂಸಿಯಂನಲ್ಲಿ ಇಡಿ ಅಂದರು. ಹೀಗೆ ಮಲಗಿಸಿ, ಬಣ್ಣ ಸಮೇತ.

ಹತ್ತಿರದಿಂದ ನೋಡಿದಾಗ ಮೊದಲು ಅನ್ನಿಸಿದ್ದು ಚಿಕ್ಕವನಿದ್ದಾನಲ್ಲ ಅಂತ. ಯಾವಾಗಲೂ ಕತ್ತೆತ್ತಿ ನೋಡಿದ್ದೆ, ಈಗ ಬಗ್ಗಿ ನೋಡಬೇಕು. ಗಲ್ಲಕ್ಕೆ ಕೊಟ್ಟ ಕೈ ಹಾಗೇ ಇದೆ. ನಿಂತಾಗ ಅದು ಯೋಚನೆಯ ಹಾಗೆ ಕಾಣುತ್ತಿತ್ತು, ಮಲಗಿದಾಗ ಹಲ್ಲುನೋವಿನ ಹಾಗೆ. ಸುತ್ತ ಅವತ್ತಿನ ಪ್ರತಿಭಟನೆಯ ಬೋರ್ಡುಗಳು. ಎಷ್ಟು ಹಡಗು, ಎಷ್ಟು ಜನ, ಯಾವ ಕಂಪನಿ, ಎಲ್ಲ ಬರೆದಿಟ್ಟಿದ್ದಾರೆ. ಒಬ್ಬಳು ಹುಡುಗಿ, ಎಂಟು ಹತ್ತು ವರ್ಷ ಇರಬಹುದು, ಎಲ್ಲ ಬರಹವನ್ನೂ ಬೆರಳಿಟ್ಟು ಓದುತ್ತಿದ್ದಳು. ಅವಳ ಅಮ್ಮ ಮೂರು ಸಲ ಕರೆದರೂ ಹೋಗಲಿಲ್ಲ.

ನನ್ನ ಸಹೋದ್ಯೋಗಿ ಒಂದೆರಡು ನಿಮಿಷ ನಿಂತರು, ಕೈ ಜೇಬಿನಲ್ಲಿ. ಏನಾದರೂ ಹೇಳುತ್ತಾರೆ ಅಂತ ಕಾದೆ. ಹಿಪ್ಪೊಡ್ರೋಮ್ ವಿಷಯ ಕೇಳಿಬಿಡಲಾ ಅಂತಲೂ ಅನ್ನಿಸಿತು. "ಕಾಫಿ ಕುಡಿಯೋಣ ಬಾ, ಕೆಳಗೆ ಕೇಕ್ ಚೆನ್ನಾಗಿರುತ್ತೆ" ಅಂದರು. ಹೋದೆವು. ಮಗಳ ಮದುವೆಯ ಖರ್ಚಿನ ಬಗ್ಗೆ ಮಾತಾಡಿದೆವು.

ದೀಪಾವಳಿಗೆ ಊರಿಗೆ ಹೋದಾಗ ಆಯಿಗೆ ಎಲ್ಲ ಹೇಳಿದೆ. ಹಡಗು, ಕಬ್ಬಿಣ, ನೀರಿಗೆ ಹಾಕಿದ್ದು. ಫೋಟೋ ತೆಗೆದುಬಿಡೋಣ ಅಂದೆ. "ತೆಗಿಯಡ. ಅಪ್ಪಯ್ಯ ಅದ್ರಲ್ಲಿ ಚಂದ ಕಾಣ್ತ" ಅಂದಳು. ಸರಿ, ಹಿಂದಿನವನನ್ನು ಮಾತ್ರ ಕತ್ತರಿಸಿ ಹೊಸ ಪ್ರಿಂಟ್ ಹಾಕಿಸೋಣ ಅಂತ ಪೇಟೆಯ ಸ್ಟುಡಿಯೋಗೆ ಒಯ್ದೆ. ಅಲ್ಲಿಯ ಹುಡುಗ ಕಂಪ್ಯೂಟರಿನಲ್ಲಿ ಕತ್ತರಿಸಿ ತೋರಿಸಿದ. ಮೇಲಿನ ಮನುಷ್ಯ ಹೋದ. ಅಪ್ಪಯ್ಯನ ಟೊಪ್ಪಿಯ ಹಿಂದೆ ಪೀಠ ಮಾತ್ರ ಉಳಿಯಿತು, ಸದ್ಗುಣಿ, ವಿವೇಕಿ ಅನ್ನುವ ಅಕ್ಷರಗಳು ಈಗ ಇನ್ನೂ ದೊಡ್ಡದಾಗಿ ಕಾಣುತ್ತಿದ್ದವು. "ಇದೇ ಇರ್ಲಾ ಸರ್, ಅಪ್ಪಂಗೇ ಬರೆದ ಹಂಗಿದೆ" ಅಂದ ಹುಡುಗ. ಬೇಡ ಅಂತ ಹಳೆಯದನ್ನೇ ವಾಪಸ್ ತಂದು ಇಟ್ಟೆ.

ಮಾರನೇ ದಿನ ಬೆಳಿಗ್ಗೆ ಶೋಕೇಸು ಒರೆಸುತ್ತಾ ಆಯಿ "ಅಂವ ಎಷ್ಟು ಜನ್ರನ್ನ ಮಾರಿದ್ದ ಅಂದೆ?" ಅಂತ ಕೇಳಿದಳು. ಅವನೊಬ್ಬನೇ ಅಲ್ಲ, ಕಂಪನಿ, ಎಂಬತ್ತನಾಲ್ಕು ಸಾವಿರ ಅಂದೆ. ಅವಳು ಏನೂ ಹೇಳಲಿಲ್ಲ. ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಫೋಟೋ ಇದ್ದಲ್ಲೇ ಇತ್ತು. ಟಿವಿ ಮೇಲಿರುತ್ತಿದ್ದ ಪ್ಲಾಸ್ಟಿಕ್ ಹೂವಿನ ಕುಂಡ ಅದರ ಮುಂದೆ ಬಂದು ಕೂತಿತ್ತು, ಅಪ್ಪಯ್ಯ, ಆಯಿ ಕಾಣುವ ಹಾಗೆ ಸ್ವಲ್ಪ ಓರೆಯಾಗಿ.